ಮಡಕೆಯ ಚೂರಿಗೆ ಯಾವ ಊರು?

ಯಶವಂತಪುರದ ರೈಲು ನಿಲ್ದಾಣವನ್ನು ಬಲ್ಲವರು ಅನೇಕರು. ಆದರೆ ಆ ಊರಿಗೂ ರೋಮ್ ಚಕ್ರಾಧಿಪತ್ಯಕ್ಕೂ ಒಂದು ನಂಟುಂಟು ಎಂಬುದನ್ನು ಬಲ್ಲವರು ಕಡಮೆ. 1891ರಲ್ಲಿ ಅಲ್ಲಿಯ ನೆಲದೊಳಗಿಂದ ರೋಮನ್ನರ 163 ಬೆಳ್ಳಿಯ ನಾಣ್ಯಗಳು ಹೊರಬಂದವು. ಅಗಸ್ಟಸ್, ತೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಮುಖಮುದ್ರೆ ಅವುಗಳ ಮೇಲಿತ್ತು. ಆ ಬಳಿಕ 1965ರಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ, ಎಚ್.ಎ.ಎಲ್. ವಿಮಾನ ಕಾರ್ಖಾನೆಯ ಬಳಿ, ಅಂಥವೇ 256 ನಾಣ್ಯಗಳು ದೊರೆತವು. ಕೆಂಪೇಗೌಡನಿಗಿಂತ ಹದಿನೈದು ಶತಮಾನಗಳಷ್ಟು ಹಿಂದೆ ಈ ಬಯಲುಸೀಮೆಯಲ್ಲಿ ರೋಮಿನ ಬೆಳ್ಳಿ ಓಡಾಡಿತ್ತೆಂದು ಕೇಳಿದಾಗ ನಮಗೆ ಸಹಜವಾಗಿಯೇ ಹಿಗ್ಗು ಬರುತ್ತದೆ.

ನಾಣ್ಯದ ವಿಷಯದಲ್ಲಿ ಒಂದು ಅನುಕೂಲವಿದೆ. ಅದು ತನ್ನ ತವರನ್ನು ತಾನೇ ಹೇಳಿಕೊಳ್ಳುತ್ತದೆ. ರಾಜನ ಹೆಸರು, ಬಿರುದು, ಮುಖ ಎಲ್ಲವೂ ಅಲ್ಲಿಯೇ ಇರುತ್ತವೆ. ಮಡಕೆಗೆ ಈ ಭಾಗ್ಯವಿಲ್ಲ. ಉಳುವಾಗ ನೇಗಿಲಿಗೆ ನಾಣ್ಯ ಸಿಕ್ಕಿದರೆ ರೈತ ಅದನ್ನು ಪಂಚೆಯ ತುದಿಗೆ ಗಂಟು ಹಾಕಿಕೊಳ್ಳುತ್ತಾನೆ. ಮಡಕೆಯ ಚೂರು ಸಿಕ್ಕಿದರೆ ಬದುವಿನ ಆಚೆಗೆ ಎಸೆಯುತ್ತಾನೆ. ನಮ್ಮ ಬಾಲ್ಯದಲ್ಲಿ ಕುಂಟೆಬಿಲ್ಲೆಯಾಟಕ್ಕೆ ನುಣುಪಾದ ಒಂದು ಬೋಕಿಯನ್ನು ಆರಿಸಿಕೊಳ್ಳುತ್ತಿದ್ದೆವು. ಅದರಾಚೆಗೆ ಬೋಕಿಗೆ ಬೆಲೆಯಿರಲಿಲ್ಲ. ಪುರಾತತ್ತ್ವಜ್ಞರ ಲೆಕ್ಕವೇ ಬೇರೆ. ಬಟ್ಟೆ ಕೊಳೆಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ, ಕಬ್ಬಿಣ ತುಕ್ಕಾಗಿ ಉದುರುತ್ತದೆ. ಒಮ್ಮೆ ಸುಟ್ಟ ಮಣ್ಣು ಮಾತ್ರ ಹಾಗೆಯೇ ಉಳಿಯುತ್ತದೆ. ನಾಣ್ಯ ಕೆಲವರ ಕೈಯದು, ಮಡಕೆ ಎಲ್ಲರ ಒಲೆಯ ಮೇಲಿನದು. ಆದ್ದರಿಂದ, ಈ ಚೂರು ಎಲ್ಲಿಯ ಮಣ್ಣಿನದು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ, ಶಾಸನಗಳು ಹೇಳದ ಎಷ್ಟೋ ಸಂಗತಿಗಳು ತಿಳಿಯುತ್ತವೆ. ಉತ್ತರ ತಪ್ಪಾದರೆ ಒಂದು ನಾಡಿನ ಕಾಲಗಣನೆಯೇ ತಪ್ಪಾಗುವುದೂ ಉಂಟು. ನಮ್ಮ ನಾಡಿನಲ್ಲಿ ಅಂಥದೊಂದು ನಡೆದಿದೆ. ಅದನ್ನೇ ಇಂದು ಹೇಳಬೇಕೆಂದಿದ್ದೇನೆ.

ಕಥೆ ಪ್ರಾರಂಭವಾಗುವುದು ಮದರಾಸಿನ ವಸ್ತುಸಂಗ್ರಹಾಲಯದ ಒಂದು ಬೀರುವಿನಲ್ಲಿ. 1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದ ಮಾರ್ಟಿಮರ್ ವೀಲರ್ ಅವರು ಆ ಬೀರುವಿನಲ್ಲಿ ಮಣ್ಣಿನ ಜಾಡಿಯೊಂದರ ಮುರಿದ ಹಿಡಿಯನ್ನು ಕಂಡರು. ಮೆಡಿಟರೇನಿಯನ್ ತೀರದವರು ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ತುಂಬಿ ಸಾಗಿಸುತ್ತಿದ್ದ ‘ಆಂಫೊರಾ’ ಎಂಬ ಜಾಡಿಯ ಹಿಡಿ ಅದು. ಎಲ್ಲಿ ಸಿಕ್ಕಿತು ಎಂದು ವಿಚಾರಿಸಲಾಗಿ, ಆಗ ಫ್ರೆಂಚರ ಅಧೀನದಲ್ಲಿದ್ದ ಪುದುಚೇರಿಯ ಸಮೀಪದ ಅರಿಕಮೇಡು ಎಂಬ ಕಡಲತೀರದ ದಿಬ್ಬದ ಹೆಸರು ಬಂತು. 1945ರಲ್ಲಿ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಇಟಲಿಯ ಅರೆಟ್ಸೊ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ಕೆಂಪು ಹೊಳಪಿನ ತಟ್ಟೆಬಟ್ಟಲುಗಳ ಚೂರುಗಳು, ಕುಂಬಾರರ ಮುದ್ರೆಯ ಸಹಿತ, ಅಲ್ಲಿ ದೊರೆತವು. ಈ ಅರೆಟೈನ್ ಪಾತ್ರೆಗಳ ಕಾಲ ಯೂರೋಪಿನಲ್ಲಿ ಮೊದಲೇ ನಿಶ್ಚಿತವಾಗಿತ್ತು, ಕ್ರಿ.ಶ. 50ರ ಸುಮಾರಿಗೆ ಅವುಗಳ ತಯಾರಿಕೆ ಮುಗಿದಂತೆಯೇ. ತೇದಿಯಿಲ್ಲದ ದಕ್ಷಿಣ ಭಾರತದ ಮಣ್ಣಿನಲ್ಲಿ ತೇದಿಯುಳ್ಳ ಒಂದು ಮೊಳೆ ಸಿಕ್ಕಿದಂತಾಯಿತು.

ಅದೇ ಅರಿಕಮೇಡಿನಲ್ಲಿ ಇನ್ನೊಂದು ಬಗೆಯ ಪಾತ್ರೆಯೂ ಹೇರಳವಾಗಿ ದೊರೆಯಿತು. ಬೂದು ಇಲ್ಲವೆ ಕಪ್ಪು ಬಣ್ಣದ, ತೆಳುವಾದ, ಲೋಹದಂತೆ ನುಣುಪಾದ ಅಗಲ ತಟ್ಟೆ. ಒಳಗೆ, ತಳದ ಮೇಲೆ, ಒಂದರೊಳಗೊಂದು ಬಳೆಯಿಟ್ಟಂತೆ ಸಣ್ಣಸಣ್ಣ ಕಚ್ಚುಗಳ ಸಾಲು. ಹಲ್ಲುಳ್ಳ ಚಿಕ್ಕ ಗಾಲಿಯನ್ನು ಉರುಳಿಸಿ ಮಾಡಿದ ಅಲಂಕಾರವೆಂದು ಭಾವಿಸಿ ಇದಕ್ಕೆ ‘ರೂಲೆಟೆಡ್’ ಪಾತ್ರೆಯೆಂದು ಹೆಸರಿಟ್ಟರು. ಇಂಥ ಗಾಲಿ ಅಲಂಕಾರ ಭಾರತದ ಕುಂಬಾರರಿಗೆ ಅಪರಿಚಿತ, ಮೆಡಿಟರೇನಿಯನ್ ಕುಂಬಾರರಿಗೆ ಪರಿಚಿತ; ಆದ್ದರಿಂದ ಇದರ ಮೂಲ ಅಲ್ಲಿಯದು, ಕೆಲವು ನೇರವಾಗಿ ಅಲ್ಲಿಂದಲೇ ಬಂದಿರಬೇಕು, ಉಳಿದವು ಇಲ್ಲಿ ಮಾಡಿದ ಅನುಕರಣೆ ಎಂಬುದು ವೀಲರರ ತರ್ಕವಾಗಿತ್ತು. ಈ ತರ್ಕದಲ್ಲಿ ಆಧಾರವೆಂದರೆ ರೂಪಸಾಮ್ಯ ಒಂದೇ ಎಂಬುದನ್ನು ಗಮನಿಸಬೇಕು.

ಈಗ ಕಥೆ ಕರ್ನಾಟಕಕ್ಕೆ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರು. 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಅಲ್ಲಿ ಕಂಡುಹಿಡಿದರು. ‘ಇಸಿಲ’ ಎಂಬ ಪಟ್ಟಣದ ಹೆಸರನ್ನು ಹೇಳುವ ಶಾಸನ ಅದು. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ 1929ರಷ್ಟು ಹಿಂದೆಯೇ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಉತ್ಖನನ ಮಾಡಿ, ಸಾತವಾಹನರ ಕಾಲದ ಪಟ್ಟಣವೊಂದನ್ನು ಬೆಳಕಿಗೆ ತಂದಿದ್ದರು. ಈ ಎರಡೂ ಸ್ಥಳಗಳನ್ನು 1947ರಲ್ಲಿ ವೀಲರ್ ಅಗೆಸಿದರು. ಬ್ರಹ್ಮಗಿರಿಯಲ್ಲಿ ಮೂರು ಪದರಗಳು ಕಂಡವು. ತಳದಲ್ಲಿ ಕಲ್ಲುಕೊಡಲಿಯ ಜನ. ನಡುವೆ ಕಬ್ಬಿಣವನ್ನು ಬಲ್ಲ, ಸತ್ತವರಿಗೆ ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಜನ. ಮೇಲೆ ಸಾತವಾಹನರ ಕಾಲದವರು. ಆ ಮೇಲಿನ ಪದರದಲ್ಲಿ ರೂಲೆಟೆಡ್ ಪಾತ್ರೆಯ ಚೂರುಗಳಿದ್ದವು.

ಲೆಕ್ಕ ಹೇಗೆ ನಡೆಯಿತೆಂದು ನೋಡಿ. ಅರಿಕಮೇಡಿನ ಇಟಲಿಯ ಪಾತ್ರೆಯಿಂದ ಅಲ್ಲಿಯ ರೂಲೆಟೆಡ್ ಪಾತ್ರೆಗೆ ಕ್ರಿಸ್ತಶಕದ ಮೊದಲ ಶತಮಾನವೆಂಬ ಕಾಲ. ಅದರಿಂದ ಬ್ರಹ್ಮಗಿರಿಯ ಮೇಲಿನ ಪದರಕ್ಕೆ ಅದೇ ಕಾಲ. ಅಲ್ಲಿಂದ ಕೆಳಕ್ಕೆ ಮಣ್ಣಿನ ದಪ್ಪವನ್ನು ಅಂದಾಜು ಮಾಡಿ, ಬೃಹತ್ ಶಿಲಾಗೋರಿಯ ಜನರಿಗೆ ಕ್ರಿ.ಪೂ. 200ರಿಂದ ಕ್ರಿ.ಶ. ಒಂದನೆಯ ಶತಮಾನದ ನಡುವಣವರೆಗೆ. ಎಂದರೆ ಕನ್ನಡನಾಡಿನಲ್ಲಿ ಕಬ್ಬಿಣದ ಬಳಕೆ ಅಶೋಕನ ಕಾಲದ ನಂತರ ಬಂದದ್ದೆಂದು ಆಯಿತು. ಯಲಹಂಕವನ್ನು ದಾಟಿ ದೇವನಹಳ್ಳಿಯ ಹಾದಿ ಹಿಡಿದರೆ ಸಿಗುವ ಚಿಕ್ಕಜಾಲದಲ್ಲಿ ಇಂಥ ಕಲ್ಲುಗೋರಿಗಳಿವೆ. ನಾಡಿನ ಹಲವೆಡೆ ಹಳ್ಳಿಗರು ಇವನ್ನು ಪಾಂಡವರ ಮನೆಯೆಂದೋ ಮೋರ್ಯರ ಮನೆಯೆಂದೋ ಕರೆಯುತ್ತಾರೆ. ಆ ಗೋರಿಗಳ ವಯಸ್ಸು ಕೂಡ ಪುದುಚೇರಿಯ ಒಂದು ತಟ್ಟೆಗೆ ಕಟ್ಟಿದ ಹಗ್ಗದಲ್ಲಿ ನೇತಾಡುತ್ತಿತ್ತು. ವೀಲರರನ್ನು ದೂರುವುದು ನನ್ನ ಉದ್ದೇಶವಲ್ಲ. ಪದರ ಪದರವಾಗಿ ಅಗೆಯುವ ಶಿಸ್ತನ್ನು ನಮ್ಮವರಿಗೆ ಕಲಿಸಿದವರು ಅವರು. ಆ ಶಿಸ್ತಿಲ್ಲದಿದ್ದರೆ ಅವರ ತಪ್ಪನ್ನು ತಿದ್ದುವುದಕ್ಕೂ ಸಾಧ್ಯವಾಗುತ್ತಿರಲಿಲ್ಲ.

ಎಂ.ಎ. ಓದುವಾಗ ಶಾಸನಶಾಸ್ತ್ರದ ಅಧ್ಯಾಪಕರೊಬ್ಬರು ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳನ್ನು ನೋಡಿ ಇಳಿಯುವಾಗ, ಕಾಲಬುಡದಲ್ಲಿ ಒಂದು ಚೂರು ಕಂಡಿತು; ಒಳಗೆ ಕಪ್ಪು, ಹೊರಗೆ ಕೆಂಪು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಮೇಷ್ಟರು ನೋಡಿದರು. “ಎಲ್ಲಿತ್ತಪ್ಪ ಅದು?” ಎಂದರು. ತೋರಿಸಿದೆ. “ಅಲ್ಲೇ ಇಡು. ನಿನ್ನ ಜೇಬಿನಲ್ಲಿ ಅದು ಬರಿಯ ಬೋಕಿ” ಎಂದರು. ಮಡಕೆಯನ್ನು ಬೋರಲು ಹಾಕಿ ಸುಡುವಾಗ ಒಳಭಾಗಕ್ಕೆ ಗಾಳಿಯಾಡದೆ ಕಪ್ಪಾಗುತ್ತದೆ, ಹೊರಭಾಗ ಗಾಳಿಗೆ ಕೆಂಪಾಗುತ್ತದೆ ಎಂದು ವಿವರಿಸಿದರು. ಅದು ಯಾವ ಕೆರೆಯ ಮಣ್ಣು ಎಂದು ಗೆಳೆಯನೊಬ್ಬ ಕೇಳಿದ. ಅವರು ನಕ್ಕು, “ಅದನ್ನು ಹೇಳಬೇಕಾದವರು ನಾವಲ್ಲ, ರಸಾಯನಶಾಸ್ತ್ರದವರು” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅದರ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ರಸಾಯನಶಾಸ್ತ್ರದವರು ಈ ಕೆಲಸಕ್ಕೆ ಕೈಹಾಕಿದ್ದು ನಿನ್ನೆ ಮೊನ್ನೆಯಲ್ಲ. 1895ರಲ್ಲಿಯೇ ಅಮೆರಿಕದ ಹಾರ್ವರ್ಡಿನ ಟಿ. ಡಬ್ಲ್ಯು. ರಿಚರ್ಡ್ಸ್ ಎಂಬವರು ಅಥೆನ್ಸಿನ ಮಡಕೆ ಚೂರುಗಳನ್ನು ವಿಶ್ಲೇಷಿಸಿ ನೋಡಿದ್ದರು. ಅವರಿಗೆ ಮುಂದೆ 1914ರ ನೊಬೆಲ್ ಬಹುಮಾನ ಬಂದದ್ದು ಬೇರೆ ಕೆಲಸಕ್ಕಾಗಿ. ಆದರೆ ಮಣ್ಣಿನ ಮುಖ್ಯ ದ್ರವ್ಯಗಳು, ಎಂದರೆ ಸಿಲಿಕ, ಅಲ್ಯುಮಿನ, ಕಬ್ಬಿಣ, ಸುಣ್ಣ ಇವು, ಎಲ್ಲ ಊರಿನ ಜೇಡಿಯಲ್ಲೂ ಹೆಚ್ಚುಕಡಮೆ ಇರತಕ್ಕವೇ. ಊರಿಂದೂರಿಗೆ ನಿಜವಾಗಿ ಬದಲಾಗುವುದು ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗಗಳಷ್ಟಿರುವ ಧಾತುಗಳು: ಸ್ಕ್ಯಾಂಡಿಯಂ, ಸೀಸಿಯಂ, ಹಾಫ್ನಿಯಂ, ಥೋರಿಯಂ, ಲ್ಯಾಂಥನಂ, ಯುರೋಪಿಯಂ. ಮಣ್ಣು ಹುಟ್ಟಿದ್ದು ಯಾವ ಬಂಡೆಯಿಂದ ಎಂಬುದನ್ನು ಅನುಸರಿಸಿ ಇವುಗಳ ಪ್ರಮಾಣ ನಿಲ್ಲುತ್ತದೆ. ಬೆಂಗಳೂರಿನ ಕೆರೆಗಳ ಜೇಡಿ ಲಾಲ್‌ಬಾಗಿನ ಬಂಡೆಯ ಜಾತಿಯ ಅತಿ ಪುರಾತನ ನೈಸ್ ಶಿಲೆ ಸವೆದು ಬಂದದ್ದು. ಉತ್ತರ ಕರ್ನಾಟಕದ ಎರೆಯ ಬಹುಭಾಗ ಲಾವಾರಸದ ಕರಿಯ ಶಿಲೆಯದು. ಗಂಗೆಯ ಮುಖಜಭೂಮಿಯದು ಹಿಮಾಲಯದಿಂದ ಹರಿದುಬಂದ ಮೆಕ್ಕಲು. ಕಣ್ಣಿಗೆ ಮೂರೂ ಮಣ್ಣೇ. ಧಾತುಗಳ ಲೆಕ್ಕದಲ್ಲಿ ಮೂರು ಬೇರೆ ಬೇರೆ.

ಅಷ್ಟು ಸೂಕ್ಷ್ಮವಾದ ಅಳತೆ ಪರಮಾಣು ಯುಗದ ತನಕ ಕಾಯಬೇಕಾಯಿತು. ಅಣುಬಾಂಬಿನ ನಿರ್ಮಾಣದ ಮುಂದಾಳಾಗಿದ್ದ ಆಪನ್‌ಹೈಮರ್ ಅವರೇ 1956ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಪುರಾತತ್ತ್ವಜ್ಞರನ್ನೂ ಪರಮಾಣು ವಿಜ್ಞಾನಿಗಳನ್ನೂ ಒಂದೆಡೆ ಕೂಡಿಸಿದರು. ಮರುವರ್ಷ ಬ್ರೂಕ್‌ಹೇವನ್ ಪ್ರಯೋಗಾಲಯದ ಸೇರ್ ಮತ್ತು ಡಾಡ್‌ಸನ್ ಮೆಡಿಟರೇನಿಯನ್ ಚೂರುಗಳ ಮೇಲಿನ ತಮ್ಮ ಲೇಖನವನ್ನು ಪ್ರಕಟಿಸಿದರು. ವಿಧಾನ ಕೇಳಲು ಸರಳ. ಚೂರಿನಿಂದ ನಶ್ಯದ ಒಂದು ಚಿಟಿಕೆಯಷ್ಟು ಪುಡಿಯನ್ನು ಕೆರೆದು, ಪರಮಾಣು ರಿಯಾಕ್ಟರಿನೊಳಗೆ ಇರಿಸುತ್ತಾರೆ. ನ್ಯೂಟ್ರಾನ್ ಕಣಗಳು ತಾಕಿ ಪುಡಿಯಲ್ಲಿನ ಧಾತುಗಳು ಕೆಲಕಾಲ ವಿಕಿರಣ ಸೂಸತೊಡಗುತ್ತವೆ. ಒಂದೊಂದು ಧಾತು ಸೂಸುವ ಗಾಮಾ ಕಿರಣದ ಶಕ್ತಿ ಒಂದೊಂದು ಬಗೆ. ಅವು ಆರುವ ವೇಗವೂ ಬೇರೆ ಬೇರೆ: ಮ್ಯಾಂಗನೀಸಿನದು ಎರಡೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿದರೆ, ಸ್ಕ್ಯಾಂಡಿಯಮಿನದು ಅರ್ಧಕ್ಕೆ ಇಳಿಯಲು 84 ದಿನ ಬೇಕು. ಹೀಗಾಗಿ ಒಂದೇ ಚಿಟಿಕೆಯನ್ನು ಅದೇ ದಿನ ಒಮ್ಮೆ, ಕೆಲವು ವಾರಗಳ ನಂತರ ಮತ್ತೊಮ್ಮೆ ಅಳೆದು, ಹಲವಾರು ಧಾತುಗಳ ಪಟ್ಟಿ ತಯಾರಿಸುತ್ತಾರೆ. ಆ ಪಟ್ಟಿಯೇ ಮಣ್ಣಿನ ಬೆರಳಚ್ಚು.

ನನ್ನಂಥ ಹಳಗನ್ನಡದ ವಿದ್ಯಾರ್ಥಿಗೆ ಇದು ಅಪರಿಚಿತ ವಿದ್ಯೆಯೇನೂ ಅಲ್ಲ. ಓಲೆಗರಿಯ ನಾಲ್ಕು ಪ್ರತಿಗಳನ್ನು ಮುಂದಿಟ್ಟುಕೊಂಡು ಯಾವುದು ಯಾವುದರ ಮಗಳು ಎಂದು ಪತ್ತೆಮಾಡುವ ಸಂಪಾದಕ ಯಾವುದನ್ನು ಹಿಡಿದು ಹೊರಡುತ್ತಾನೆ? ಲಿಪಿಕಾರ ಬೇಕೆಂದು ಬರೆದುದನ್ನಲ್ಲ. ಅರಿಯದೆ ಬಿಟ್ಟ ಕಾಗುಣಿತವನ್ನು, ಕೈತಪ್ಪಿ ಎರಡು ಸಲ ಬರೆದ ಪಂಕ್ತಿಯನ್ನು, ತನ್ನ ಸೀಮೆಯ ಉಚ್ಚಾರಣೆಯಿಂದ ನುಸುಳಿದ ಹಕಾರ ಅಕಾರಗಳನ್ನು. ಕುಂಬಾರನ ವಿಷಯವೂ ಹಾಗೆಯೇ. ದೂರದ ಊರಿನ ಆಕಾರವನ್ನು ಅವನು ನೋಡಿ ಕಲಿಯಬಲ್ಲ, ಬಣ್ಣವನ್ನು ಅನುಕರಿಸಬಲ್ಲ. ತನ್ನ ಜೇಡಿಯಲ್ಲಿನ ಸ್ಕ್ಯಾಂಡಿಯಮನ್ನು ಬದಲಿಸಲು ಅವನಿಗೆ ಸಾಧ್ಯವಿಲ್ಲ, ಏಕೆಂದರೆ ಅದು ಇದೆಯೆಂದೇ ಅವನಿಗೆ ತಿಳಿಯದು. ಬರಹವೇ ಸುಳ್ಳು ಹೇಳಿದ ಪ್ರಸಂಗವೂ ಇದೆ. ಅಟೇಯಸ್ ಎಂಬ ಅರೆಟ್ಸೊದ ಪ್ರಸಿದ್ಧ ಕುಂಬಾರನ ಮುದ್ರೆಯುಳ್ಳ ಪಾತ್ರೆಗಳೆಲ್ಲ ಅರೆಟ್ಸೊದಲ್ಲಿಯೇ ಆದವೆಂದು ತಿಳಿದಿದ್ದರು. ಫ್ರಾನ್ಸಿನ ಲಿಯೋನ್ ನಗರದ ಮೊರಿಸ್ ಪಿಕೋನ್ ಮತ್ತು ಸಂಗಡಿಗರು ವಿಶ್ಲೇಷಿಸಿ ನೋಡಿದಾಗ ಅವುಗಳಲ್ಲಿ ಅನೇಕವು ಲಿಯೋನಿನಲ್ಲಿ, ಅನೇಕವು ಪೀಸಾದಲ್ಲಿ ಆದವೆಂದು ತಿಳಿಯಿತು. ಅಂಗಡಿಯ ಹೆಸರು ಒಂದೇ, ಶಾಖೆ ಹಲವು! ಪ್ಯಾಲೆಸ್ತೀನಿನ ನೆಲದಲ್ಲಿ ಸಿಗುವ, ಅಲ್ಲಿಯದೇ ಎಂದು ನಂಬಿದ್ದ ಎರಡು ಬಣ್ಣದ ಚಿತ್ರಿತ ಮಡಕೆಗಳಲ್ಲಿ ಬಹುಪಾಲು ಸೈಪ್ರಸ್ ದ್ವೀಪದ ಮಣ್ಣಿನವೆಂದು 1973ರಲ್ಲಿ ತೋರಿಸಿಕೊಟ್ಟವರೂ ಹೀಗೆ ನ್ಯೂಟ್ರಾನ್ ವಿಧಾನ ಹಿಡಿದವರೇ.

ಆದರೆ ಈ ವಿದ್ಯೆಯನ್ನು ದೇವರ ವಾಕ್ಯವೆಂದು ನಂಬಬಾರದು. ಇದರ ಮಿತಿಯನ್ನು ನನಗೆ ತಿಳಿಸಿದವರು ವಿಜ್ಞಾನಿಗಳಿಗಿಂತ ಮೊದಲು ಒಬ್ಬ ಕುಂಬಾರರು. ಆರ್.ಟಿ. ನಗರದ ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಪಾಟರಿ ಟೌನಿನಲ್ಲಿ ಹಣತೆ ಕೊಳ್ಳಲು ಹೋದಾಗ, ಇದು ಯಾವ ಊರಿನ ಮಣ್ಣು ಎಂದು ಕೇಳಿದೆ. ಆ ಹಿರಿಯರು ತಿಗುರಿಯನ್ನು ನಿಲ್ಲಿಸದೆಯೇ ಹೇಳಿದರು: “ಯಾವ ಊರದು ಅಂತ ಹೇಳಾಣ ಮೇಷ್ಟ್ರೇ? ಒಂದೇ ಮಣ್ಣಲ್ಲಿ ಮಾಡಿದ್ರೆ ಒಣಗಿಸುವಾಗಲೇ ಬಿರುಕು ಬಿಡ್ತದೆ. ಜಿಗುಟು ಒಂದು ಕಡೆಯಿಂದ ತರ್ತೀವಿ, ಮರಳು ಮಣ್ಣು ಇನ್ನೊಂದು ಕಡೆಯಿಂದ. ತುಳಿದು ಹದ ಮಾಡ್ತೀವಿ.” ನಾನು ಹಣತೆಯೊಂದಿಗೆ ಸಂಶಯವನ್ನೂ ಕಟ್ಟಿಸಿಕೊಂಡು ಬಂದೆ. ಎರಡು ಊರಿನ ಮಣ್ಣು ಬೆರೆತ ಮೇಲೆ ಬೆರಳಚ್ಚು ಯಾರದು? ವಿಜ್ಞಾನಿಗಳೂ ಈ ತೊಡಕನ್ನು ಬಲ್ಲರು. ಮರಳು ಬೆರೆಸಿದರೆ ಧಾತುಗಳ ಪ್ರಮಾಣ ತೆಳುವಾಗುತ್ತದೆ. ನೀರಿನಲ್ಲಿ ಕದಡಿ ಸೋಸಿದರೆ ಬದಲಾಗುತ್ತದೆ. ಶತಮಾನಗಳ ಕಾಲ ನೆಲದಲ್ಲಿ ಹೂತಿದ್ದರೆ ಸುಣ್ಣ, ರಂಜಕ, ಬೇರಿಯಂ ಮುಂತಾದವು ಒಳಸೇರುತ್ತವೆ, ಇಲ್ಲವೆ ಹೊರಸೋರುತ್ತವೆ. ಆದ್ದರಿಂದ ಅವರು ಒಂದು ಚೂರನ್ನಲ್ಲ, ಹತ್ತಾರು ಚೂರುಗಳನ್ನು ಅಳೆದು, ಗುಂಪಿಗೆ ಗುಂಪನ್ನು ಹೋಲಿಸುತ್ತಾರೆ. ಒಂದು ನೆಲೆಯೊಳಗಿನ ವ್ಯತ್ಯಾಸಕ್ಕಿಂತ ಎರಡು ನೆಲೆಗಳ ನಡುವಣ ವ್ಯತ್ಯಾಸ ಹೆಚ್ಚಾಗಿದ್ದರೆ ಮಾತ್ರ ತೀರ್ಪು ನಿಲ್ಲುತ್ತದೆ. ಕೆಲವರು ಧಾತುಗಳ ಬದಲು ಚೂರಿನಲ್ಲಿನ ಖನಿಜಗಳ ಹರಳುಗಳನ್ನು ನೋಡುತ್ತಾರೆ. ಅರಿಕಮೇಡಿನ ಕೆಲವು ಆಂಫೊರಾ ಜಾಡಿಗಳಲ್ಲಿ ಕಂಡ ಜ್ವಾಲಾಮುಖಿಯ ಕರಿಮರಳು ಅವು ಇಟಲಿಯ ನೇಪಲ್ಸ್ ಕೊಲ್ಲಿಯ ಸೀಮೆಯವೆಂದು ಸಾರಿತು. ಅಲ್ಲಿ ವೀಲರರ ಕಣ್ಣು ತಪ್ಪಿರಲಿಲ್ಲ.

ರೂಲೆಟೆಡ್ ತಟ್ಟೆಯ ವಿಷಯದಲ್ಲಿ ಮೊದಲು ಸಂಶಯವೆತ್ತಿದವರು ರಸಾಯನಜ್ಞರಲ್ಲ, ವಿಮಲಾ ಬೇಗ್ಲಿ ಎಂಬ ವಿದುಷಿ. 1983 ಮತ್ತು 1988ರ ಲೇಖನಗಳಲ್ಲಿ ಅವರು, ಅರಿಕಮೇಡಿನ ವಸತಿ ರೋಮನ್ನರ ಸಂಪರ್ಕಕ್ಕಿಂತ ಬಹಳ ಹಿಂದಿನದು, ಈ ತಟ್ಟೆಯ ಆಕಾರ ಭಾರತದ್ದೇ, ಇದರ ಪ್ರಾರಂಭ ಕ್ರಿಸ್ತಪೂರ್ವ ಶತಮಾನಗಳಿಗೆ ಹೋಗುತ್ತದೆ ಎಂದು ವಾದಿಸಿದರು. ಅಷ್ಟರಲ್ಲಿ ಇಂಡೊನೇಷ್ಯದ ಬಾಲಿ ದ್ವೀಪದ ಸೆಂಬಿರನ್ ಎಂಬಲ್ಲಿ ಇಂಥವೇ ಚೂರುಗಳು ಸಿಕ್ಕಿದವು. ಆರ್ಡಿಕ ಮತ್ತು ಬೆಲ್‌ವುಡ್ ಎಂಬ ವಿದ್ವಾಂಸರು ಅವನ್ನು ನ್ಯೂಟ್ರಾನ್ ವಿಧಾನದಿಂದ ಪರೀಕ್ಷಿಸಿ, ಅರಿಕಮೇಡು ಮತ್ತು ಸಿಂಹಳದ ಅನುರಾಧಪುರದ ಚೂರುಗಳೊಡನೆ ಹೋಲಿಸಿ, ಸಮುದ್ರದಾಚೆಯ ಈ ಮೂರು ನೆಲೆಗಳ ಪಾತ್ರೆಗಳ ಮಣ್ಣಿನಲ್ಲಿ ನಿಕಟ ಸಾಮ್ಯವನ್ನು 1991ರಲ್ಲಿ ತೋರಿಸಿದರು. 1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗಟೆಯವರು ಕ್ಷಕಿರಣಗಳಿಂದ ಖನಿಜಗಳನ್ನು ಪರೀಕ್ಷಿಸಿ, ಈ ತಟ್ಟೆಗಳ ಮೂಲ ವಂಗದೇಶದ ಚಂದ್ರಕೇತುಗಢ ಮತ್ತು ತಾಮ್ಲುಕ್ ಪ್ರದೇಶವೆಂದು ಹೇಳಿದರು. ತಾಮ್ಲುಕ್ ಎಂದರೆ ನಮ್ಮ ಪುರಾಣಕಥೆಗಳ ತಾಮ್ರಲಿಪ್ತಿ. 2005ರಲ್ಲಿ ಇಂಗ್ಲೆಂಡಿನ ಫೋರ್ಡ್, ಪೊಲಾರ್ಡ್, ಕನಿಂಗ್‌ಹ್ಯಾಮ್ ಮೊದಲಾದವರು ಮತ್ತೆ ಧಾತುಗಳನ್ನು ಅಳೆದು, ರೂಲೆಟೆಡ್ ಪಾತ್ರೆಯೂ ಅದರ ಜೊತೆಗಾರ ನಯಪಾತ್ರೆಗಳೂ ಭೂವಿಜ್ಞಾನದ ದೃಷ್ಟಿಯಿಂದ ಒಂದೇ ಬಗೆಯ ಮಣ್ಣಿನವೆಂದು ಸಮರ್ಥಿಸಿದರು. ಮೂಲ ನೆಲೆ ಇಂಥದೇ ಊರೆಂಬಲ್ಲಿ ವಿದ್ವಾಂಸರಲ್ಲಿ ಚರ್ಚೆಯುಂಟು. ಅದು ಇಟಲಿಯಲ್ಲ, ಭಾರತ ಉಪಖಂಡವೇ ಎಂಬಲ್ಲಿ ಇಲ್ಲ.

ಬೆರಗಿನ ಸಂಗತಿಯೆಂದರೆ, ಈ ತಟ್ಟೆಗಳ ಚೂರುಗಳು ಕೆಂಪು ಸಮುದ್ರದ ತೀರದ ಬೆರೆನಿಕೆ ಎಂಬ ಈಜಿಪ್ಟಿನ ರೇವಿನಲ್ಲಿಯೂ ದೊರೆತಿವೆ. ಪಶ್ಚಿಮದಿಂದ ನಮಗೆ ಬಂತೆಂದು ತಿಳಿದ ವಸ್ತು ಇಲ್ಲಿಂದ ಪಶ್ಚಿಮಕ್ಕೆ ಹೋದದ್ದಾಗಿತ್ತು.

ಅರಿಕಮೇಡಿನ ಹಗ್ಗ ಸಡಿಲವಾದ ಮೇಲೆ ಬ್ರಹ್ಮಗಿರಿಯ ಲೆಕ್ಕ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಅದು ಅಷ್ಟರಲ್ಲಿಯೇ ಇನ್ನೊಂದು ಕಡೆಯಿಂದ ಅಲುಗಿತ್ತು. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ, ಇಂದು ಹಾವೇರಿ ಜಿಲ್ಲೆಗೆ ಸೇರಿದ, ಹಳ್ಳೂರನ್ನು ಅಗೆದರು. ಅಲ್ಲಿ ಕಬ್ಬಿಣದ ಜೊತೆಗೆ ಸಿಕ್ಕ ಇದ್ದಿಲನ್ನು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ವಿಕಿರಣ ಇಂಗಾಲದ ವಿಧಾನದಿಂದ ಪರೀಕ್ಷಿಸಲಾಗಿ, ಕ್ರಿ.ಪೂ. 1000ದ ಸುಮಾರಿನ ಕಾಲ ಬಂದಿತು. ವೀಲರರ ಕ್ರಿ.ಪೂ. 200 ಎಲ್ಲಿ, ಈ ಕ್ರಿ.ಪೂ. 1000 ಎಲ್ಲಿ! ಎಂಟು ಶತಮಾನಗಳು ನಮ್ಮ ಲೆಕ್ಕದಿಂದ ಜಾರಿಹೋಗಿದ್ದವು. ಚಿಕ್ಕಜಾಲದ ಗೋರಿ ಕಟ್ಟಿದವರ ಸಂಸ್ಕೃತಿಯನ್ನು ಅಶೋಕನಿಗಿಂತ ಹಿಂದಕ್ಕೆ ಒಯ್ದು ನೋಡುವ ಧೈರ್ಯ ನಮಗೆ ಬಂದದ್ದು ಹೀಗೆ.

ಇದನ್ನು ಕೇಳಿ, ಎಲ್ಲವೂ ನಮ್ಮದೇ, ಹೊರಗಿನದು ಏನೂ ಇಲ್ಲ ಎಂದು ಹೊರಡುವವರಿದ್ದಾರೆ. ಅವರಿಗೂ ಮಣ್ಣು ಒಪ್ಪಿಗೆ ಕೊಡುವುದಿಲ್ಲ. ಯಶವಂತಪುರದ ನಾಣ್ಯ ರೋಮಿನದೇ. ಚಂದ್ರವಳ್ಳಿಯಲ್ಲಿ ದೊರೆತ ತೈಬೀರಿಯಸನ ನಾಣ್ಯವೂ ರೋಮಿನದೇ. ಅತ್ತ, ಭಾರತದಲ್ಲಿ ‘ರೋಮನ್ ಆಂಫೊರಾ’ ಎಂದು ಪಟ್ಟಿಮಾಡಿದ್ದ ಚೂರುಗಳಲ್ಲಿ ಎಷ್ಟೋ ಚೂರುಗಳು ರೋಮಿನವೂ ಅಲ್ಲ, ನಮ್ಮವೂ ಅಲ್ಲ. ಅವು ಮೆಸೊಪೊಟೇಮಿಯದ ಕಡೆಯ ಬೇರೊಂದು ಜಾಡಿಯವೆಂದು ರೊಬರ್ಟ ಟೋಂಬರ್ 2007ರಲ್ಲಿ ತೋರಿಸಿದರು. ರೂಪಸಾಮ್ಯವನ್ನು ನೆಚ್ಚಿ ನಾವೂ ಎಡವಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವನ್ನು ನೆನೆಯಿರಿ. ಅದರಲ್ಲಿನ ಅರ್ಥವಾಗದ ಮಾತುಗಳು ಕನ್ನಡವಿರಬೇಕೆಂದು ಮರುವರ್ಷವೇ ಹುಲ್ಷ್ ಸೂಚಿಸಿದರು; ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಬೆಳೆಸಿದರು; ತುಳುವೆಂದವರೂ ಇದ್ದಾರೆ, ಯಾವ ಭಾಷೆಯೂ ಅಲ್ಲದ ಹಾಸ್ಯದ ಗದ್ದಲವೆಂದವರೂ ಇದ್ದಾರೆ. ನಾನು ಕನ್ನಡದ ಮೇಷ್ಟರಾಗಿ ಆ ಮಾತುಗಳು ಕನ್ನಡವೇ ಆಗಲೆಂದು ಹಾರೈಸುವವನು. ಹಾರೈಕೆಯೇ ಪ್ರಮಾಣವಾಗುವುದಿಲ್ಲ. ಕಿವಿಗೆ ಹೊಂದಿತೆಂದು ನಾವು ಕನ್ನಡವೆನ್ನುವುದಕ್ಕೂ, ಕಣ್ಣಿಗೆ ಹೊಂದಿತೆಂದು ವೀಲರ್ ರೋಮನ್ ಎಂದದ್ದಕ್ಕೂ ಹೆಚ್ಚು ಅಂತರವಿಲ್ಲ. ಮಾತಿನ ಚೂರನ್ನು ಇಡಲು ರಿಯಾಕ್ಟರಿಲ್ಲ, ಅಷ್ಟೇ.

ಬ್ರಹ್ಮಗಿರಿಯ ಆ ಚೂರುಗಳ ವಿಷಯದಲ್ಲಿಯೂ ನಾನು ಎಚ್ಚರದಿಂದಲೇ ಮಾತನಾಡುತ್ತೇನೆ. ಬಾಲಿಯ ತಟ್ಟೆ ವಂಗದೇಶದ್ದಾದರೆ ಮೊಳಕಾಲ್ಮೂರಿನದೂ ಅಲ್ಲಿಯದೇ ಎಂದು ಹಾರಿ ಹೇಳಿದರೆ ಹಳೆಯ ತಪ್ಪನ್ನೇ ಹೊಸ ಹೆಸರಿನಲ್ಲಿ ಮಾಡಿದಂತಾಗುತ್ತದೆ. ಅದು ಕಡಲತೀರದ ಯಾವ ರೇವಿನಲ್ಲಿ ಇಳಿದು, ಯಾವ ಘಟ್ಟವನ್ನು ಹತ್ತಿ, ಯಾವ ಎತ್ತಿನ ಹೇರಿನಲ್ಲಿ ಇಸಿಲಕ್ಕೆ ಬಂತು, ಅಥವಾ ಬರದೆ ಅಲ್ಲಿಯ ಕುಂಬಾರನೇ ಮಾಡಿದನೋ, ಅದನ್ನು ಅದರ ಮಣ್ಣೇ ಹೇಳಬೇಕು. ಅದರ ಜೊತೆಗೇ ಬ್ರಹ್ಮಗಿರಿ ಚಂದ್ರವಳ್ಳಿಗಳಲ್ಲಿ ಸಿಗುವ ಇನ್ನೊಂದು ಪಾತ್ರೆಯಿದೆ. ಬಿಳಿಯ ಬಣ್ಣದಲ್ಲಿ ಗೆರೆಗಳನ್ನೆಳೆದು ಮೇಲೆ ಕೆಂಗಂದು ಲೇಪ ಕೊಟ್ಟ ಸುಂದರವಾದ ಪಾತ್ರೆ. ದಕ್ಕನ್ನಿನ ಹಲವು ಊರುಗಳಲ್ಲಿ ಅದು ದೊರೆಯುತ್ತದೆ. ವಿದೇಶದ ಗಾಳಿ ಸೋಕಿದ್ದೆಂದು ಯಾರೂ ಹೇಳದ ಕಾರಣಕ್ಕೋ ಏನೋ, ಅದರ ಮೇಲೆ ರೂಲೆಟೆಡ್ ತಟ್ಟೆಯ ಮೇಲೆ ಹರಿದಷ್ಟು ಶಾಯಿ ಹರಿದಿಲ್ಲ. ನನ್ನ ಮಟ್ಟಿಗೆ ಅದರ ಪ್ರಶ್ನೆಯೇ ಹೆಚ್ಚು ಕುತೂಹಲದ್ದು. ಊರೂರಿನ ಕುಂಬಾರನೂ ತನ್ನ ಕೆರೆಯ ಮಣ್ಣಿನಲ್ಲಿ ಒಂದೇ ಮಾದರಿಯನ್ನು ಮಾಡಿದನೋ, ಒಂದೆರಡು ದೊಡ್ಡ ಆವಿಗೆಗಳಿಂದ ಎಲ್ಲ ಊರಿಗೂ ಹೋಯಿತೋ? ಸಾತವಾಹನರ ಕಾಲದ ಕನ್ನಡನಾಡಿನ ಸಂತೆಗಳೂ ದಾರಿಗಳೂ ಆ ಉತ್ತರದಲ್ಲಿ ಅಡಗಿವೆ. ಹರಿಹರ ಒಬ್ಬ ಕುಂಬಾರ ಗುಂಡಯ್ಯನ ಮೇಲೆ ರಗಳೆ ಬರೆದ. ಅವನಿಗೆ ಸಾವಿರ ವರ್ಷ ಹಿಂದಿನ ಗುಂಡಯ್ಯಗಳು ಹೆಸರಿಲ್ಲದೆ ಹೋದರು. ಅವರ ಊರಾದರೂ ತಿಳಿಯಲಿ.

ಈಗ ಚೂರನ್ನು ಕೆರೆಯದೆಯೇ, ಕೈಯಲ್ಲಿ ಹಿಡಿಯುವ ಕ್ಷಕಿರಣದ ಉಪಕರಣದಿಂದ ಹಲವು ಧಾತುಗಳನ್ನು ನಿಂತಲ್ಲಿಯೇ ಅಳೆಯುವ ಅನುಕೂಲ ಬಂದಿದೆ. ರಿಯಾಕ್ಟರಿನಷ್ಟು ಸೂಕ್ಷ್ಮವಲ್ಲದಿದ್ದರೂ ಮೊದಲ ವಿಂಗಡಣೆಗೆ ಸಾಕು. ಉಪಕರಣಕ್ಕಿಂತ ದುರ್ಲಭವಾದದ್ದು ಇಂತಹ ಸ್ಥಳದ ಇಂತಹ ಪದರದ್ದು ಎಂದು ಗುರುತುಳ್ಳ ಚೂರು. ಯಲಹಂಕದಿಂದ ದೇವನಹಳ್ಳಿಯವರೆಗೆ ಇಂದು ನೆಲ ಅಗೆಯದ ದಿನವಿಲ್ಲ. ಬಹುಮಹಡಿಯ ಕಟ್ಟಡದ ಪಾಯಕ್ಕೆ ಯಂತ್ರ ಒಂದೇ ಗಳಿಗೆಯಲ್ಲಿ ಹತ್ತಾಳು ಮಣ್ಣನ್ನು ಎತ್ತಿ ಲಾರಿಗೆ ಸುರಿಯುತ್ತದೆ. ಕೆಲವು ತಿಂಗಳ ಹಿಂದೆ ಅಂಥ ಒಂದು ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ಕೆಂಪು ಮಣ್ಣಿನ ಗೋಡೆಯಲ್ಲಿ, ಆಳುದ್ದ ಕೆಳಗೆ, ಒಳಗೆ ಕಪ್ಪು ಹೊರಗೆ ಕೆಂಪಾದ ಎರಡು ಚೂರು ಕಂಡವು. ಮೇಸ್ತ್ರಿಗೆ ತೋರಿಸಿ, ಯಂತ್ರವನ್ನು ಸ್ವಲ್ಪ ನಿಲ್ಲಿಸಿ, ಪುರಾತತ್ತ್ವ ಇಲಾಖೆಗೆ ಒಂದು ಮಾತು ತಿಳಿಸಬಹುದೇ ಎಂದೆ. “ಯಾವುದೋ ಹಳೇ ಮಡಕೆ ಸಾರ್, ಬೇಕಾದ್ರೆ ತಗೊಂಡು ಹೋಗಿ” ಎಂದು, ಆತ ತಾನೇ ಇಳಿದು ಅವೆರಡನ್ನೂ ಕಿತ್ತು ತಂದು ನನ್ನ ಕೈಯಲ್ಲಿಟ್ಟ.